ಮುಳ್ಳುಪೊದೆಯ ನೆರಳು

ಜನವರಿ 9, ಗುರುವಾರ

ಇವತ್ತಿನ ಕೂಟವನ್ನು ಬರೆದಿಡದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ನಮ್ಮ ಗುರುವಾರದ ಕೂಟಕ್ಕೆ ಒಂದೇ ನಿಯಮ. ಎಲ್ಲರೂ ಮನೆಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ಬೈಬಲನ್ನು ಸಾಲಾಗಿ ಓದಿಕೊಂಡು ಬರಬೇಕು, ಒಂದನ್ನೂ ಹಾರಿಸುವಂತಿಲ್ಲ. ಗುರುವಾರ ಸಂಜೆ ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿ ಅವತ್ತಿನ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಅದು ಮುಗಿದ ಮೇಲೆ ಅವತ್ತಿನ ಪತ್ರಿಕೆ ಬಿಡಿಸಬೇಕು. ಮೊದಲು ವಾಕ್ಯ, ಆಮೇಲೆ ಪತ್ರಿಕೆ. ಪತ್ರಿಕೆ ಮೊದಲು ಬಿಡಿಸಿದರೆ ನಮಗೆ ಬೇಕಾದ ವಾಕ್ಯವನ್ನು ಹುಡುಕಿ ತಂದು ಅದರ ಬಾಯಲ್ಲಿ ಸಾಕ್ಷಿ ಹೇಳಿಸುತ್ತೇವೆ. ದೇವರ ಮಾತನ್ನು ಬಾಡಿಗೆ ಸಾಕ್ಷಿ ಮಾಡಬಾರದು ಎಂದು ಕೂಟ ಶುರುಮಾಡಿದ ದಿನವೇ ಹೇಳಿದವಳು ನಾನು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳಿಗೆ ಬಾಡಿಗೆ ಸಾಕ್ಷಿಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಇವತ್ತು ಸರದಿಯಲ್ಲಿ ಬಂದದ್ದು ನ್ಯಾಯಸ್ಥಾಪಕರ ಪುಸ್ತಕದ ಒಂಬತ್ತನೇ ಅಧ್ಯಾಯ, ಮರಗಳು ರಾಜನನ್ನು ಹುಡುಕಿಕೊಂಡು ಹೊರಟ ಕಥೆ. ಎಣ್ಣೆಮರವನ್ನು ಕೇಳಿದವು, ನನ್ನ ಎಣ್ಣೆ ಬಿಟ್ಟು ನಿಮ್ಮ ಮೇಲೆ ಓಲಾಡಲು ಬರಲೇ ಎಂದಿತು. ಅಂಜೂರ ತನ್ನ ಸಿಹಿ ಬಿಡಲಿಲ್ಲ, ದ್ರಾಕ್ಷಿ ತನ್ನ ರಸ ಬಿಡಲಿಲ್ಲ. ಕೊನೆಗೆ ಮುಳ್ಳುಪೊದೆಯನ್ನು ಕೇಳಿದರೆ ಅದು ಕರೆದದ್ದೇ ತಡ ಎದ್ದು ನಿಂತಿತು. ಬನ್ನಿ, ನನ್ನ ನೆರಳಿಗೆ ಬನ್ನಿ, ಬರದಿದ್ದರೆ ನನ್ನೊಳಗಿಂದ ಬೆಂಕಿ ಎದ್ದು ದೊಡ್ಡ ಮರಗಳನ್ನೂ ಸುಟ್ಟೀತು ಎಂದಿತು. ಅಧ್ಯಾಯ ಮುಗಿಸಿ ಪತ್ರಿಕೆ ಬಿಡಿಸಿದರೆ ಮೊದಲ ಪುಟದಲ್ಲೇ ನಗರಸಭೆ ಚುನಾವಣೆಯ ಘೋಷಣೆ! ಎಲ್ಲರೂ ಹೋ ಎಂದು ನಕ್ಕೆವು.

"ಮೇಡಂ, ಮುಳ್ಳುಪೊದೆಗೆ ನೆರಳು ಎಲ್ಲಿಂದ ಬಂತು? ಅದ್ರ ಕೆಳಗೆ ಕೂರ್ಬೇಕಂದ್ರೆ ಇರುವೆ ಆಗಿ ಹುಟ್ಟಿರ್ಬೇಕು" ಎಂದರು ಗಡಿಯಾರ ರಿಪೇರಿಯವರು. ಅವರಿಲ್ಲದೆ ನಮ್ಮ ಕೂಟದಲ್ಲಿ ನಗುವೇ ಇಲ್ಲ. ನಾನು ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಒಬ್ಬರಿಗೊಬ್ಬರು ಹೆದರಿದ ಜನ ತಮ್ಮ ಹಕ್ಕನ್ನೆಲ್ಲ ಗಂಟುಕಟ್ಟಿ ಒಬ್ಬನ ಕೈಗೆ ಕೊಟ್ಟು ರಕ್ಷಣೆ ಪಡೆಯುತ್ತಾರೆ, ರಾಜ್ಯ ಹುಟ್ಟುವುದೇ ಹಾಗೆ ಎಂದು ದೊಡ್ಡ ದೊಡ್ಡ ಗ್ರಂಥಗಳಿವೆ. ಗಂಟು ಕೊಡುವ ಮೊದಲು ನೆರಳು ಎಷ್ಟಿದೆ ನೋಡಿಕೋ ಎಂದು ಬೈಬಲ್ ಒಂದೇ ಕಥೆಯಲ್ಲಿ ಹೇಳಿಬಿಟ್ಟಿದೆ.

ನನ್ನ ತಮ್ಮ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಊರಿಗೆಲ್ಲ ಪಾಸ್ಟರ್, ನನಗೆ ಪುಟ್ಟ. ಅಮ್ಮ ಹಾಸಿಗೆ ಹಿಡಿದಾಗ ಅವನಿಗೆ ಆರು ವರ್ಷ. ಬೈಬಲಿನ ಕಥೆಗಳನ್ನೆಲ್ಲ ಅವನಿಗೆ ತುತ್ತಿನ ಜೊತೆ ತಿನ್ನಿಸಿದವಳು ನಾನು. "ಅಕ್ಕ, ಇದನ್ನ ಬರ್ದು ಕೊಡು. ಮುಂದಿನ ವಾರ ಭಾನುವಾರದ ಪ್ರಸಂಗಕ್ಕೆ ಇದನ್ನೇ ಓದ್ತೀನಿ, ನಿನ್ನ ಹೆಸರು ಹೇಳೇ ಓದ್ತೀನಿ" ಎಂದ. ನರ್ಸಮ್ಮ ನನ್ನ ಕೈ ಹಿಡಿದು ಒತ್ತಿದರು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಿದ್ದರೂ ಅವರು ಒಂದು ಅಧ್ಯಾಯವನ್ನೂ ತಪ್ಪಿಸುವುದಿಲ್ಲ, ಯಾರಿಂದಲೋ ಓದಿಸಿಕೊಂಡೇ ಬರುತ್ತಾರೆ. ಅಮ್ಮನ ಕೊನೆಯ ವರ್ಷ ಬೆನ್ನುಹುಣ್ಣು ತೊಳೆದವರು ಅವರೇ. ಈಗ ಚರ್ಚಿನ ಹಿಂದಿನ ಐದು ಕೋಣೆಗಳ ಸಾಲಿನಲ್ಲಿ, ಹಿಂದುಮುಂದಿಲ್ಲದ ಬೇರೆ ನಾಲ್ಕು ಹೆಂಗಸರ ಜೊತೆ ಇದ್ದಾರೆ. ಆ ಕೋಣೆಗಳನ್ನು ಚರ್ಚ್ ಕಟ್ಟಿದವರೇ ಇಂಥವರಿಗೆಂದು ಕಟ್ಟಿಸಿ ಹೋದದ್ದು.

ಜನವರಿ 12, ಭಾನುವಾರ

ಬರೆದು ಮುಗಿಸಿದೆ. ಚೆನ್ನಾಗಿ ಬಂದಿದೆ ಎಂದು ನಾನೇ ಹೇಳಿಕೊಂಡರೆ ತಪ್ಪಲ್ಲ, ಇದು ನನ್ನ ದಿನಚರಿ. ಪುಟ್ಟ ಕಾಫಿ ಕುಡಿಯುತ್ತ ಪೂರ್ತಿ ಓದಿದ. "ಅಕ್ಕ, ನೀನೇ ಪಾಸ್ಟರ್ ಆಗ್ಬೇಕಿತ್ತು" ಎಂದ. ಆ ಮಾತು ಇಡೀ ದಿನ ಕಿವಿಯಲ್ಲೇ ಇತ್ತು.

ಜನವರಿ 19, ಭಾನುವಾರ

ಇವತ್ತು ಪುಟ್ಟನ ಪ್ರಸಂಗ.

ಮೊದಲ ಬೆಂಚಿನಲ್ಲಿ ಕಂಟ್ರಾಕ್ಟರ್ ಕೂತಿದ್ದ. ಚುನಾವಣೆಗೆ ನಿಂತಿದ್ದಾನಲ್ಲ, ಅವನೇ. ಬಿಳಿ ಬಟ್ಟೆ, ಕೈಯಲ್ಲಿ ಹೊಚ್ಚ ಹೊಸ ಬೈಬಲ್. ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಯಾರನ್ನಾದರೂ ದೇವರು ಕರೆಯಬಹುದು, ಇರಲಿ ಎಂದುಕೊಂಡೆ.

ಪುಟ್ಟ ನನ್ನ ಬರಹವನ್ನೇ ಓದಿದ. ಎಣ್ಣೆಮರ ಓದಿದ, ಅಂಜೂರ ಓದಿದ, ದ್ರಾಕ್ಷಿ ಓದಿದ. ಮುಳ್ಳುಪೊದೆ ಬರುವ ಕಡೆ ಹಾಳೆ ಮಡಚಿಟ್ಟುಬಿಟ್ಟ. ಆಮೇಲೆ ತನ್ನ ಮಾತು. ಒಳ್ಳೆಯವರೆಲ್ಲ ರಾಜಕೀಯ ಹೊಲಸು ಅಂತ ದೂರ ನಿಂತರೆ ಊರನ್ನು ನೋಡುವವರು ಯಾರು? ಕೊನೆಗೂ ಒಬ್ಬರು ಮುಂದೆ ಬಂದು 'ನನ್ನ ನೆರಳಿಗೆ ಬನ್ನಿ' ಅಂದಾಗ ನಾವು ದೇವರಿಗೆ ಸ್ತೋತ್ರ ಹೇಳಬೇಕು, ಅಧಿಕಾರವೆಲ್ಲ ದೇವರಿಂದಲೇ ಬರುವುದಲ್ಲವೇ? "ಇದು ನನ್ನ ಮಾತಲ್ಲ, ನಮ್ಮಕ್ಕನ ಮಾತು" ಎಂದ. ಇಡೀ ಸಭೆ ಹಿಂದೆ ತಿರುಗಿ ನನ್ನನ್ನು ನೋಡಿತು. ಕಂಟ್ರಾಕ್ಟರ್ ಎದ್ದು ನಿಂತು ನನಗೆ ಕೈಮುಗಿದ. ತನ್ನನ್ನು ಮುಳ್ಳುಪೊದೆ ಅಂದರೆಂದು ಅವನಿಗೂ ತಿಳಿಯಲಿಲ್ಲ, ಆಮೆನ್ ಅಂದವರಿಗೂ ತಿಳಿಯಲಿಲ್ಲ. ಬೇರೆ ಯಾರಿಗಾದರೂ ಆಗಿದ್ದರೆ ನಾನೇ ಬಿದ್ದು ಬಿದ್ದು ನಗುತ್ತಿದ್ದೆ.

ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಅವನನ್ನು ಹಿಡಿದೆ.

"ಬೆಂಕಿ ಎಲ್ಲೋಯ್ತು ಪುಟ್ಟ? ನಾನು ಬರೆದಿದ್ದ ಬೆಂಕಿ?"

"ಅಕ್ಕ, ಸ್ವಲ್ಪ ಸಮಾಧಾನವಾಗಿ ಕೇಳು. ಚರ್ಚಿನ ಚಾವಣಿ ನೋಡಿದ್ದೀಯಲ್ಲ? ಅವರು ಹೊಸ ಸಭಾಂಗಣ ಕಟ್ಟಿಸಿಕೊಡ್ತಾರೆ. ಹಿಂದಿನ ಕೋಣೆಗಳ ಜಾಗ ಮಾತ್ರ ಬೇಕು. ಅಲ್ಲಿ ಅಂಗಡಿ ಸಾಲು ಬರುತ್ತೆ. ಆ ಹೆಂಗಸರಿಗೆ ಊರಾಚೆ ಇದಕ್ಕಿಂತ ಒಳ್ಳೆ ಕೋಣೆ ಕೊಡ್ತಾರಂತೆ."

"ನರ್ಸಮ್ಮನ್ನ ಎತ್ತಿ ಊರಾಚೆ ಹಾಕ್ತೀಯಾ?"

"ಹಾಗಲ್ಲ ಅಕ್ಕ..."

"ನಾಬೋತನ ಕಥೆ ನಿನಗೆ ಹೇಳಿದ್ದು ಯಾರು? ಅರಮನೆ ಪಕ್ಕದ ತೋಟ ಬೇಕು ಅಂತ ರಾಜ ಒಬ್ಬ ಬಡವನ್ನ ಕಲ್ಲು ಹೊಡೆಸಿ ಕೊಲ್ಲಿಸಿದ. ಅವತ್ತು ನೀನು ಊಟ ಬಿಟ್ಟು ಅತ್ತಿದ್ದೆ."

ಅವನು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆನ್ನಿಗೆ ಚೂರಿ ಹಾಕುವವರು ಹಾಕಲಿ, ಆ ಚೂರಿಯನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಹಾಕಿದನಲ್ಲ, ಅದು ಸುಡುತ್ತಿದೆ.

ಜನವರಿ 20, ಸೋಮವಾರ

ಕಾಲೇಜಿನಲ್ಲಿ ಇಬ್ಬರು ಬಂದು 'ಕಂಟ್ರಾಕ್ಟರ್ ಪರ ನಿಂತಿದ್ದೀರಂತೆ' ಎಂದರು. ಒಬ್ಬರಿಗೆ ವಿವರಿಸಿದೆ. ಇನ್ನೊಬ್ಬರಿಗೆ ವಿವರಿಸುವ ಶಕ್ತಿ ಇರಲಿಲ್ಲ.

ಜನವರಿ 23, ಗುರುವಾರ

ಪುಟ್ಟ ಕೂಟಕ್ಕೆ ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದು.

ಸರದಿಯಲ್ಲಿ ರೂತಳ ಎರಡನೇ ಅಧ್ಯಾಯ. ಕೊಯ್ಲಿನವರು ಬಿಟ್ಟ ತೆನೆಗಳನ್ನು ಗತಿಯಿಲ್ಲದವಳೊಬ್ಬಳು ಆಯ್ದುಕೊಳ್ಳುವ ಕಥೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಎಂದು ಆ ಜನರ ಕಾನೂನಿನಲ್ಲೇ ಇತ್ತು. ಅಂಚು ಧರ್ಮಕ್ಕೆ ಬಿಟ್ಟದ್ದಲ್ಲ, ಅದು ಅವರ ಹಕ್ಕು ಎಂದು ನಾನು ಹೇಳುತ್ತಿರುವಾಗ ನರ್ಸಮ್ಮ "ಹಾಗಾದ್ರೆ ನಮ್ಮ ಕೋಣೆಗಳೇ ಈ ಚರ್ಚಿನ ಅಂಚು, ಅಲ್ವಾ ಮಗಳೇ?" ಎಂದರು. ಆಮೇಲೆ ಪತ್ರಿಕೆ ಬಿಡಿಸುವ ಅಗತ್ಯವೇ ಬೀಳಲಿಲ್ಲ.

ಜಾಗ ಕೊಡಲು ಸಭೆಯ ಕಾರ್ಯದರ್ಶಿಯ ಸಹಿ ಬೇಕು. ಈಗಿರುವ ಕಾರ್ಯದರ್ಶಿ ಕಂಟ್ರಾಕ್ಟರ್ ಹೇಳಿದ ಕಡೆ ಸಹಿ ಹಾಕುವ ಆಸಾಮಿ. ಆದರೆ ಮಾರ್ಚ್‌ನಲ್ಲಿ ಸಮಿತಿಯ ಚುನಾವಣೆ ಇದೆ, ಅಲ್ಲಿಯವರೆಗೆ ಏನೂ ಆಗುವುದಿಲ್ಲ. "ನೀವೇ ನಿಂತ್ಕೊಳ್ಳಿ ಮೇಡಂ" ಎಂದರು ಗಡಿಯಾರದವರು. ನಾನು ಎಣ್ಣೆಮರದ ಮಾತನ್ನೇ ಹೇಳಿದೆ. ನನ್ನ ಕೆಲಸ ಓದುವುದು, ಓದಿಸುವುದು. ಅದನ್ನು ಬಿಟ್ಟು ಓಲಾಡಲು ಬರಲಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಹಿತವೆನಿಸಿತು.

ಫೆಬ್ರವರಿ 2, ಭಾನುವಾರ

ಇವತ್ತಿನ ಅಧ್ಯಾಯ, ಜನ ಪ್ರವಾದಿ ಸಮುವೇಲನ ಹತ್ತಿರ ಹೋಗಿ ನಮಗೂ ಒಬ್ಬ ರಾಜ ಬೇಕು ಎಂದದ್ದು. ಅವನು ನಿಮ್ಮ ಮಕ್ಕಳನ್ನು ತೆಗೆದುಕೊಳ್ಳುತ್ತಾನೆ, ಹೊಲ ತೆಗೆದುಕೊಳ್ಳುತ್ತಾನೆ, ಕತ್ತೆಗಳನ್ನೂ ಬಿಡುವುದಿಲ್ಲ ಎಂದು ಆ ಮುದುಕ ಎಷ್ಟು ಹೇಳಿದರೂ ಕೇಳಲಿಲ್ಲ. ತೆಗೆದುಕೊಳ್ಳುತ್ತಾನೆ, ತೆಗೆದುಕೊಳ್ಳುತ್ತಾನೆ ಎಂದು ಅದೇ ಮಾತು ಸುತ್ತಿಗೆಯಂತೆ ಬೀಳುತ್ತದೆ. ಅಧಿಕಾರದ ಬಗ್ಗೆ ಇದಕ್ಕಿಂತ ನೇರವಾದ ಪಾಠ ನಾನು ಯಾವ ಪಠ್ಯದಲ್ಲೂ ಕಂಡಿಲ್ಲ.

ಮಧ್ಯಾಹ್ನ ತಮ್ಮನ ಹೆಂಡತಿ ಕರೆದಳೆಂದು ಅವರ ಮನೆಗೆ ಹೋದೆ. ಅವನು ಇರಲಿಲ್ಲ. ಈರುಳ್ಳಿ ಹೆಚ್ಚುತ್ತ ಅಳುತ್ತಿದ್ದಳು. ಈರುಳ್ಳಿಗೋ ಗಂಡನಿಗೋ ಮೊದಲು ಗೊತ್ತಾಗಲಿಲ್ಲ.

"ಅತ್ತಿಗೆ, ಇವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ಆ ಭಾನುವಾರದಿಂದ ಹೀಗೇ. ಪ್ರಾರ್ಥನೆಗೆ ಕೂತ್ರೆ ಆ ಕಡೆ ಯಾರಾದ್ರೂ ಕೇಳಿಸ್ಕೊಳ್ತಿದ್ದಾರೋ ಇಲ್ವೋ ಗೊತ್ತಾಗ್ತಿಲ್ಲ ಅಂತಾರೆ. ಪಾಸ್ಟರ್ ಬಾಯಲ್ಲಿ ಇಂಥ ಮಾತು! ನಿಮಗಲ್ದೆ ಇನ್ಯಾರಿಗೆ ಹೇಳ್ಲಿ? ಯಾರ ಹತ್ರಾನೂ ಬಾಯಿಬಿಡ್ಬೇಡಿ."

"ಹುಚ್ಚಿ, ನಾನು ಯಾರಿಗೆ ಹೇಳ್ತೀನಿ" ಎಂದೆ. ಅವಳ ಕೈಯಿಂದ ಚಾಕು ತೆಗೆದುಕೊಂಡು ಉಳಿದ ಈರುಳ್ಳಿಯನ್ನು ನಾನೇ ಹೆಚ್ಚಿದೆ. ಪುಟ್ಟನ ಬಗ್ಗೆ ಒಂದು ಕ್ಷಣ ಅಯ್ಯೋ ಅನಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದೂ ಅನಿಸಿತು.

ಫೆಬ್ರವರಿ 6, ಗುರುವಾರ

ಕೂಟಕ್ಕೆ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಸಮುವೇಲ ಅಧಿಕಾರ ಬಿಟ್ಟು ಹೋಗುವಾಗ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ಕಸಿದಿದ್ದೇನೆ, ಯಾರಿಗೆ ಮೋಸ ಮಾಡಿದ್ದೇನೆ, ಹೇಳಿ ಎಂದು ಕೇಳುವ ಅಧ್ಯಾಯ. ನಾನು ಅದನ್ನು ಓದುವಾಗ ಗೋಡೆಗೊರಗಿದವರೂ ಮುಂದಕ್ಕೆ ಬಾಗಿ ಕೇಳಿದರು.

ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲಲು ಒಪ್ಪಿದ್ದೇನೆ. ಅಷ್ಟು ಜನ ಒಟ್ಟಿಗೆ ಕೇಳುವಾಗ ಇಲ್ಲ ಅನ್ನುವುದೂ ಒಂದು ಬಗೆಯ ಅಹಂಕಾರವೇ. ಎಣ್ಣೆಮರದ ಮಾತು ಬಿಡಿ, ಅದರ ನರ್ಸಮ್ಮನನ್ನು ಯಾರೂ ಊರಾಚೆ ಹಾಕುತ್ತಿರಲಿಲ್ಲ.

ಫೆಬ್ರವರಿ 20, ಗುರುವಾರ

ಬೆಳಗಿನ ಪತ್ರಿಕೆಯಲ್ಲಿ ಕಂಟ್ರಾಕ್ಟರ್ ಜೊತೆ ಪುಟ್ಟನ ಫೋಟೋ. ಅವನ ಹೆಗಲ ಮೇಲೆ ಇವನ ಕೈ, ಇಬ್ಬರ ಮುಖದಲ್ಲೂ ನಗು. ನಿದ್ದೆ ಮಾಡದವನ ಮುಖವೇ ಅದು? ಹೆಂಡತಿಯೂ ಸೇರಿ ನನ್ನ ಮುಂದೆ ನಾಟಕ ಆಡಿದಳೋ ಏನೋ.

ಕೂಟದಲ್ಲಿ ಆ ಪತ್ರಿಕೆಯನ್ನು ಮೊದಲೇ ಮೇಜಿನ ಮೇಲೆ ಬಿಡಿಸಿಟ್ಟೆ. ವಿಷಯ ಅಷ್ಟು ಗಂಭೀರವಾಗಿರುವಾಗ ಕಾಯುವುದೇನು? ಸರದಿಯಲ್ಲಿದ್ದದ್ದು, ತನ್ನನ್ನು ಕೊಲ್ಲಲು ಬಂದ ಸೌಲ ರಾಜ ನಿದ್ದೆಯಲ್ಲಿ ಕೈಗೆ ಸಿಕ್ಕರೂ ದಾವೀದ ಅವನನ್ನು ಮುಟ್ಟದೆ ಅವನ ಈಟಿ, ನೀರಿನ ತಂಬಿಗೆ ಮಾತ್ರ ಎತ್ತಿಕೊಂಡು ಹೋಗುವ ಅಧ್ಯಾಯ. ಒಳ್ಳೆಯ ಅಧ್ಯಾಯವೇ, ಆದರೆ ಇವತ್ತಿನ ಪರಿಸ್ಥಿತಿಗೆ ಹೊಂದುವುದಿಲ್ಲ, ಜನ ಗಲಿಬಿಲಿಗೊಳ್ಳುತ್ತಾರೆ. ಅದರ ಬದಲು ಐವತ್ತೈದನೇ ಕೀರ್ತನೆ ಓದಿಸಿದೆ. ದೂಷಿಸಿದವನು ವೈರಿಯಾಗಿದ್ದರೆ ತಾಳಿಕೊಂಡೇನು, ಅವನು ನನ್ನ ಆಪ್ತ, ದೇವರ ಮನೆಗೆ ಜೊತೆಯಲ್ಲಿ ನಡೆದವನು ಎಂಬ ಗೋಳು. ಹೆಂಗಸರು ಕಣ್ಣೊರೆಸಿಕೊಂಡರು.

"ಇವತ್ತು ಈಟಿ, ತಂಬಿಗೆ ಬರ್ಬೇಕಿತ್ತಲ್ಲ ಮಗಳೇ?" ಎಂದರು ನರ್ಸಮ್ಮ.

"ಇವತ್ತೊಂದು ದಿನ ಬಿಡಿ ನರ್ಸಮ್ಮ" ಎಂದೆ.

ಮಾರ್ಚ್ 9, ಭಾನುವಾರ

ಗೆದ್ದೆ.

ಹೇಗೆ ನಡೆಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನಾಳೆ ಯಾರಾದರೂ ಬೇರೆ ರೀತಿ ಹೇಳಬಾರದು. ಮತ ಹಾಕುವ ಮೊದಲು ಪುಟ್ಟ ಎದ್ದು ನಿಂತ. ಬಹಳ ಇಳಿದುಹೋಗಿದ್ದಾನೆ. "ಕೋಣೆಗಳ ವಿಷಯದಲ್ಲಿ ನಾನು ಅವಸರ ಮಾಡ್ದೆ ಅನ್ಸುತ್ತೆ. ಅಕ್ಕನ ಮಾತನ್ನ ಅರ್ಧಕ್ಕೆ ನಿಲ್ಲಿಸಿ ಓದಿದ್ದೂ ತಪ್ಪೇ. ಯಾರು ಗೆದ್ರೂ ಸರಿ, ಎಲ್ಲಾ ಕೂತು ಇನ್ನೊಂದ್ಸಲ ಯೋಚ್ನೆ ಮಾಡೋಣ" ಎಂದ. ಕಣ್ಣೊರೆಸಿಕೊಂಡ. ಜನ 'ಅಯ್ಯೋ ಪಾಸ್ಟರ್' ಎಂದು ಕರಗತೊಡಗಿದರು. ಅವನು ನನ್ನೆದುರು ನಿಂತ ಹಳೆಯ ಕಾರ್ಯದರ್ಶಿಯ ಕಡೆಯವನೆಂಬುದು ಅಲ್ಲಿ ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ಎಂಥ ಚಾಲಾಕು! ಎರಡು ತಿಂಗಳು ನನ್ನನ್ನು ಬೇಯಿಸಿ, ಕೊನೆಯ ಗಳಿಗೆಯಲ್ಲಿ ಎರಡು ಹನಿ ಕಣ್ಣೀರು ಹಾಕಿ ಎಲ್ಲವನ್ನೂ ಹೊಡೆದುಕೊಂಡು ಹೋಗುವ ಲೆಕ್ಕ.

ನಾನು ಎದ್ದೆ. "ಪ್ರಾರ್ಥನೆ ಮಾಡೋವಾಗ ಆ ಕಡೆ ಯಾರಾದ್ರೂ ಇದ್ದಾರಾ ಅನ್ನೋದೇ ಗೊತ್ತಾಗ್ತಿಲ್ಲ ಅಂತ ಮನೇಲಿ ಹೇಳೋ ಪಾಸ್ಟರ್, ಇಲ್ಲಿ ನಿಂತು ನಮಗೆ ದಾರಿ ತೋರಿಸ್ತಿದ್ದಾರೆ. ಕುರುಡ ಕುರುಡನಿಗೆ ದಾರಿ ತೋರಿಸಿದ್ರೆ ಇಬ್ರೂ ಗುಂಡಿಗೆ ಬೀಳ್ತಾರೆ ಅಂತ ಯೇಸುಸ್ವಾಮಿಯೇ ಹೇಳಿಲ್ವಾ?" ಎಂದೆ.

ಪುಟ್ಟ ನಿಂತಿದ್ದವನು ಕೂತ. ಅವನ ಹೆಂಡತಿ ನನ್ನ ಕಡೆ ನೋಡಿದಳು. ನಾನೇ ಏನೋ ಮಾಡಬಾರದ್ದು ಮಾಡಿದೆ ಎನ್ನುವ ಹಾಗೆ ನೋಡಿದಳು. ಸುಳ್ಳು ಹೇಳಿದೆನೇ? ಇಲ್ಲವಲ್ಲ. ಮನೆಗೆ ಬಂದು ತೆರೆದು ನೋಡಿದರೆ ಸರದಿಯಲ್ಲಿ ಇವತ್ತಿನದು ಪ್ರವಾದಿ ನಾಥಾನ, ಪಾಪ ಮಾಡಿದ ದಾವೀದ ರಾಜನ ಎದುರು ನಿಂತು 'ಆ ಮನುಷ್ಯ ನೀನೇ' ಎಂದ ಅಧ್ಯಾಯ! ನಾನು ಸಾಲು ಬಿಟ್ಟರೂ ಸಾಲು ನನ್ನನ್ನು ಬಿಟ್ಟಿಲ್ಲ. ನಾಥಾನ ಅದನ್ನು ಹೇಳಿದ್ದು ಒಬ್ಬನ ಕಿವಿಗೆ, ಅಷ್ಟೇ ವ್ಯತ್ಯಾಸ. ಅವನ ಕಾಲದಲ್ಲಿ ಮತ ಎಣಿಸುತ್ತಿರಲಿಲ್ಲ.

ಮಾರ್ಚ್ 12, ಬುಧವಾರ

ಪುಟ್ಟ ರಾಜೀನಾಮೆ ಬರೆದುಕೊಟ್ಟಿದ್ದಾನೆ. ಬೇರೆ ಊರಿನಲ್ಲಿ ಶಾಲೆಯ ಕೆಲಸ ನೋಡಿಕೊಂಡಿದ್ದಾನಂತೆ. ನನಗೆ ಒಂದು ಮಾತು ಹೇಳಲಿಲ್ಲ. ತಾಯಿಯಂತೆ ಸಾಕಿದವಳಿಗೆ ಮೂರನೆಯವರ ಬಾಯಿಂದ ಸುದ್ದಿ.

ಅಧ್ಯಾಯ ಓದಲಾಗಲಿಲ್ಲ. ಕಡತಗಳು ರಾಶಿ ಬಿದ್ದಿವೆ.

ಮಾರ್ಚ್ 27, ಗುರುವಾರ

ಕಂಟ್ರಾಕ್ಟರ್ ನಗರಸಭೆಗೆ ಗೆದ್ದು ಬಂದ. ಇವತ್ತು ಸಂಜೆ ಕಚೇರಿಗೆ ಬಂದಿದ್ದರು, ಹಾಗಾಗಿ ಕೂಟ ನಡೆಸಲಾಗಲಿಲ್ಲ.

ಮೊದಲ ಮಾತೇ "ಮೇಡಂ, ನಿಮ್ಮ ಆ ಮರದ ಭಾಷಣ ನನಗೆ ಬಹಳ ಹಿಡಿಸಿತ್ತು" ಎಂಬುದು. ನಗು ತಡೆಯಲು ಕೆಮ್ಮಬೇಕಾಯಿತು. ಆದರೆ ಮನುಷ್ಯ ನಾನಂದುಕೊಂಡಷ್ಟು ಒರಟಲ್ಲ. ಕೋಣೆಗಳನ್ನು ನನ್ನ ಜೊತೆಯೇ ನಡೆದು ನೋಡಿದರು. ಮೂರನೇ ಕೋಣೆಯ ತೊಲೆಗೆ ಗೆದ್ದಲು ಹಿಡಿದಿದೆ, ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತದೆ. ಇಷ್ಟು ವರ್ಷ ನಾವ್ಯಾರೂ ಅದನ್ನು ನೋಡಿಯೇ ಇರಲಿಲ್ಲ. "ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಕಾರ್ಯದರ್ಶಿನೇ ಹೊಣೆ ಅಲ್ವಾ ಮೇಡಂ?" ಎಂದರು. ನಿಜವೇ.

ಅವರು ಹೇಳುವುದು: ಹೆಂಗಸರನ್ನು ಊರಾಚೆಯ ಹೊಸ ಕೋಣೆಗಳಿಗೆ ಕಳಿಸುವುದು. ಗಾಳಿ ಬೆಳಕು ಚೆನ್ನಾಗಿದೆ. ಇಲ್ಲಿ ಕೆಳಗೆ ಅಂಗಡಿ, ಮೇಲೆ ಸಭಾಂಗಣ. ಸಭಾಂಗಣದ ಪಕ್ಕದಲ್ಲಿ ನಮ್ಮ ಕೂಟಕ್ಕೆಂದೇ ಒಂದು ಓದುವ ಕೋಣೆ. ಪುಟ್ಟ ಒಪ್ಪಿದ್ದೂ ಸುಮಾರು ಇದನ್ನೇ, ಆದರೆ ಅವನಿಗೆ ವ್ಯವಹಾರ ತಿಳಿಯದು. ನಾನು ಎಲ್ಲವನ್ನೂ ಬರಹದಲ್ಲಿ ಕೇಳಿದ್ದೇನೆ. ಓದುವ ಕೋಣೆಯ ಮಾತು ಅವನ ಕಾಲದಲ್ಲಿ ಇರಲೇ ಇಲ್ಲ.

ಏಪ್ರಿಲ್ 3, ಗುರುವಾರ

ಕೂಟಕ್ಕೆ ಬಂದವರು ಕಡಿಮೆ. ಮೊದಲು ಪತ್ರಿಕೆಯಲ್ಲಿ ಬಂದ ಹೊಸ ಕಟ್ಟಡದ ನಕ್ಷೆ ತೋರಿಸಿದೆ, ಆಮೇಲೆ ನೆಹೆಮೀಯನ ಪುಸ್ತಕ. ಬಿದ್ದ ಗೋಡೆ ಕಟ್ಟಲು ಅವನು ಅನ್ಯ ರಾಜನಿಂದಲೇ ಮರದ ತೊಲೆಗಳನ್ನು ಕೇಳಿ ಪಡೆದ. ನಿನ್ನೆ ಸಂಜೆಯೆಲ್ಲ ಹುಡುಕಿ ಹುಡುಕಿ ಇದು ಸಿಕ್ಕಿತು. ಎಷ್ಟು ಸರಿಯಾಗಿ ಹೊಂದುತ್ತದೆ!

ಗಡಿಯಾರದವರು ಇವತ್ತು ತಮಾಷೆ ಮಾಡಲಿಲ್ಲ. ಕೊನೆಯಲ್ಲಿ "ಮುಂದಿನ ವಾರದಿಂದ ಅಂಗಡೀಲಿ ಕೆಲಸ ಜಾಸ್ತಿ ಮೇಡಂ" ಎಂದು ಎದ್ದರು. ಈ ಕಾಲದಲ್ಲಿ ಗಡಿಯಾರ ರಿಪೇರಿಗೆ ಯಾರು ಬರುತ್ತಾರೆ? ಮುಖದ ಮೇಲೆ ಹೇಳುವ ಧೈರ್ಯವಿಲ್ಲ, ಅಷ್ಟೇ. ನಿಂತುಕೊಳ್ಳಿ ನಿಂತುಕೊಳ್ಳಿ ಎಂದು ನನ್ನನ್ನು ಮೇಲೆ ಹತ್ತಿಸಿದವರೇ ಈಗ ಏಣಿ ತೆಗೆಯುತ್ತಿದ್ದಾರೆ.

ಏಪ್ರಿಲ್ 8, ಮಂಗಳವಾರ

ಸಹಿ ಹಾಕಿದೆ.

ಸಂಜೆ ಪುಟ್ಟ ಮನೆಗೆ ಬಂದ. ಅವನ ಹೆಂಡತಿ ಗೇಟಿನ ಹೊರಗೇ ನಿಂತಳು, ಕರೆದರೂ ಒಳಗೆ ಬರಲಿಲ್ಲ. ಅವನು ಕೂರಲಿಲ್ಲ.

"ಅಕ್ಕ, ನಾಡಿದ್ದು ಹೊರಡ್ತೀವಿ. ಒಂದೇ ಒಂದು ಮಾತು. ಆ ಕಾಗದ ವಾಪಸ್ ತಗೋ. ನಾನು ಬಿದ್ದ ಗುಂಡಿ ಅದು, ನೀನೂ ಬೀಳ್ಬೇಡ."

"ನೀನು ಮಾಡಿದ್ರೆ ಗುಂಡಿ. ನಾನು ಎಲ್ಲಾ ನೋಡಿ, ಬರಹದಲ್ಲಿ ತಗೊಂಡು ಮಾಡ್ತಿದ್ದೀನಿ."

"ನೀನು ಹೇಳ್ತಿದ್ದೆಯಲ್ಲ ಅಕ್ಕ, ಮೊದ್ಲು ವಾಕ್ಯ, ಆಮೇಲೆ ಪತ್ರಿಕೆ ಅಂತ."

"ನನ್ನ ಮಾತನ್ನ ನನಗೇ ಹೇಳೋಕೆ ಬಂದ್ಯ? ಅರ್ಧಕ್ಕೆ ಓದಿ ನಿಲ್ಲಿಸಿದವನು ನೀನು."

ಅವನು ಹೂಂ ಎಂದ. ಬಗ್ಗಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದ. ಹೊಟ್ಟೆಕಿಚ್ಚು ಎಂದು ನನ್ನ ಎಣಿಕೆ. ತನ್ನ ಕೈಲಾಗದ್ದು ಅಕ್ಕನ ಕೈಲಾಯಿತಲ್ಲ! ಹೋಗುವಾಗಲೂ ಚುಚ್ಚಿಯೇ ಹೋದ. ಅವನು ಹೋದ ಮೇಲೆ ಬಹಳ ಹೊತ್ತು ಅತ್ತೆ.

ಏಪ್ರಿಲ್ 11, ಶುಕ್ರವಾರ

ಹೆಂಗಸರಿಗೆ ನಾನೇ ಹೋಗಿ ಹೇಳಬೇಕೆಂದು ಸಂಜೆ ಹಿಂದಿನ ಕೋಣೆಗಳಿಗೆ ಹೋದೆ. ಮೂವರು ಗೊಣಗಿದರು, ಒಬ್ಬಳು ಬಾಗಿಲು ಹಾಕಿಕೊಂಡಳು. ನರ್ಸಮ್ಮ ಮಾತ್ರ ಮಂಚದ ತುದಿಯಲ್ಲಿ ಕೂತು ಪೂರ್ತಿ ಕೇಳಿದರು. ಅವರು ಕೂಗಾಡಬಹುದೆಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ.

"ನಿನ್ನ ತಮ್ಮ ಹೇಳ್ದಾಗ ನಾನು ಹೆದರಿಬಿಟ್ಟಿದ್ದೆ. ನೀನು ಹೇಳ್ತಿದ್ದೀಯ ಅಂದ್ಮೇಲೆ ಸರಿಯಾಗೇ ಇರುತ್ತೆ ಬಿಡು" ಎಂದರು.

ಎಷ್ಟು ಹಗುರವಾಯಿತು ಮನಸ್ಸು! ಒಬ್ಬರಾದರೂ ಅರ್ಥಮಾಡಿಕೊಂಡರಲ್ಲ. ಅವರ ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕಿದೆ, ಔಷಧಿ ಶೀಶೆಗಳನ್ನು ಬಟ್ಟೆಯಲ್ಲಿ ಸುತ್ತಿದೆ. ಮುಗಿದ ಮೇಲೆ ಅವರು ದಿಂಬಿನ ಪಕ್ಕದಿಂದ ಬೈಬಲ್ ತೆಗೆದು ನನ್ನ ಕೈಗೆ ಕೊಟ್ಟರು. ನಡುವೆ ಒಂದು ಹಸಿರು ದಾರ ಇಟ್ಟಿತ್ತು.

"ಇವತ್ತಿನ ಅಧ್ಯಾಯ ಓದ್ಬಿಟ್ಟು ಹೋಗು ಮಗಳೇ. ನಿನ್ನೆವರೆಗೂ ನಿನ್ನ ತಮ್ಮ ಬಂದು ಓದ್ತಿದ್ದ."

"ಯಾರು, ಪುಟ್ಟನಾ?"

"ದಿನಾ ಸಂಜೆ. ನಿಮ್ಮಿಬ್ಬರ ಜಗಳದಲ್ಲೂ ಒಂದು ದಿನ ತಪ್ಪಿಸ್ಲಿಲ್ಲ. ನಿನ್ನೆ ಊರು ಬಿಡೋ ಮುಂಚೆನೂ ಬಂದು ಓದಿ, ದಾರ ಇಟ್ಟು ಹೋದ."

ಈ ಮುದುಕಿ ಇಷ್ಟು ದಿನ ನನಗೆ ಒಂದು ಮಾತು ಹೇಳಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದು, ಒಳಗೊಳಗೆ ಅವನಿಂದ ಓದಿಸಿಕೊಳ್ಳುತ್ತಿದ್ದರು. ಎಲ್ಲರದೂ ಒಂದೊಂದು ಮುಖವಾಡ. ದಾರ ಇದ್ದ ಕಡೆ ತೆರೆದೆ.

ಅರಸುಗಳ ಮೊದಲನೇ ಪುಸ್ತಕ, ಇಪ್ಪತ್ತೊಂದನೇ ಅಧ್ಯಾಯ. ನಾಬೋತನಿಗೆ ರಾಜನ ಅರಮನೆಯ ಪಕ್ಕದಲ್ಲಿ ಒಂದು ದ್ರಾಕ್ಷಿತೋಟ ಇತ್ತು. ರಾಜ ಅವನನ್ನು ಕರೆಸಿ, ನಿನ್ನ ತೋಟ ನನ್ನ ಮನೆಗೆ ಹತ್ತಿರದಲ್ಲಿದೆ, ಅದನ್ನು ನನಗೆ ಕೊಡು. ಅದರ ಬದಲು ಅದಕ್ಕಿಂತ ಒಳ್ಳೆಯ ತೋಟ ನಿನಗೆ ಕೊಡುತ್ತೇನೆ ಎಂದ.

ಅಷ್ಟು ಓದಿ ಪುಸ್ತಕ ಮುಚ್ಚಿದೆ.

"ನಿಲ್ಲಿಸ್ಬಿಟ್ಯಲ್ಲ? ಎಂದೋ ಓದಿದ್ದೀನಿ, ಆದ್ರೆ ನೆನಪೇ ಇಲ್ಲ. ಕೊಟ್ನಾ ತೋಟ?"

"ಕತ್ತಲಾಯ್ತು ನರ್ಸಮ್ಮ. ಮಿಕ್ಕಿದ್ದು ಇನ್ನೊಂದು ದಿನ."

"ಒಳ್ಳೆ ತೋಟ ಕೊಡ್ತೀನಿ ಅಂದ ಅಲ್ವಾ, ಕೊಟ್ಟಿರ್ತಾನೆ ಬಿಡು" ಎಂದು ಅವರೇ ಹೇಳಿಕೊಂಡರು. ದಾರವನ್ನು ತಡವಿ ಹುಡುಕಿ, ನಾನು ನಿಲ್ಲಿಸಿದ ಪುಟದಲ್ಲಿ ಇಡಿಸಿಕೊಂಡರು.

ಮನೆಗೆ ಬಂದೆ. ಊಟ ಸೇರಲಿಲ್ಲ. ತಮ್ಮ ಕೈಕೊಟ್ಟ, ಅವನ ಹೆಂಡತಿ ಮುಖ ತಿರುಗಿಸಿದಳು, ಕೂಟದವರು ಒಬ್ಬೊಬ್ಬರಾಗಿ ಜಾರಿಕೊಂಡರು, ನರ್ಸಮ್ಮನೂ ಹೀಗೆ. ಇಷ್ಟು ಜನರಿಗಾಗಿ ಇಷ್ಟು ಮಾಡಿದವಳಿಗೆ ಕೊನೆಗೆ ಉಳಿದದ್ದು ಇದು. ಆ ಅಧ್ಯಾಯದ ಮಿಕ್ಕ ಭಾಗವನ್ನು ಓದಬೇಕಾದ ಅಗತ್ಯ ನನಗಂತೂ ಇರಲಿಲ್ಲ, ಪೂರ್ತಿ ಬಾಯಿಪಾಠ ಬರುತ್ತದೆ.

ಬೆಳಿಗ್ಗೆ ಲಾರಿ ಬರುತ್ತದೆ.